ಹಸುವಿಗೊಂದು ಸೂಜಿ, ನನಗೊಂದು

ಸ್ಪಿರಿಟ್ಟಿನ ವಾಸನೆ ಬಂದರೆ ಇಂದಿಗೂ ನನ್ನ ಎಡತೋಳು ತಣ್ಣಗಾಗುತ್ತದೆ. ಆ ಮಧ್ಯಾಹ್ನ ಬೂಕನಕೆರೆಯ ನಮ್ಮ ಶಾಲೆಗೆ ದಡಾರದ ಲಸಿಕೆ ಹಾಕಲು ನರ್ಸಮ್ಮ ಬಂದಿದ್ದರು. ಲಸಿಕೆಯಿಂದ ಮಕ್ಕಳಿಗೆ ಅಪಾಯವೆಂದು ಮೊಬೈಲಿನಲ್ಲಿ ಬಂದ ಸುದ್ದಿ ನಂಬಿ ಅಪ್ಪ ನನ್ನನ್ನು ಮನೆಗೆ ಕರೆದೊಯ್ಯಲು ಬಂದ. ಅವನ ಹಿಂದೆಯೇ, ಸಗಣಿ ಮೆತ್ತಿದ ಕೈಯಲ್ಲೇ ಅಜ್ಜಿಯೂ ಓಡಿಬಂದಳು.

“ಹಸೀಗೆ ಕಾಲುಬಾಯಿ ಜ್ವರದ ಸೂಜಿ ಆಕ್ಸೋವಾಗ ಡಾಕ್ಟ್ರನ್ನ ಕೇಳ್ದಲ್ಲ ನೀನು. ಮಗೀನ್ ಸೂಜಿಗೆ ಮೊಬೈಲ್‌ನ ಕೇಳ್ತೀಯೇನ್ಲಾ?”

ಅಪ್ಪ ನರ್ಸಮ್ಮನ ಕಡೆ ತಿರುಗಿದ. “ಸೂಜಿ ಆದ್ಮೇಲೆ ಹಸ ಎರಡ್ ದಿನ ಹಾಲು ಕಮ್ಮಿ ಕೊಡ್ತು. ಇವಳಿಗೇನಾಯ್ತದೆ?”

“ಜ್ವರ ಬರಬೌದು, ಒಂದೆರಡು ದಿನ. ಬಂದ್ರೆ ಫೋನ್ ಮಾಡಿ, ನಾನೇ ಬತ್ತೀನಿ.”

ಅಪ್ಪ ಮೊಬೈಲನ್ನು ಅಜ್ಜಿಯ ಸಗಣಿ ಕೈಗೆ ಕೊಟ್ಟು, ನನ್ನ ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಚಿದ.