ಹರಿಗೋಲಿನಿಂದ ಯಾರು ಇಳಿಯಬೇಕು?

"ಹಂಗಾದ್ರ ಮುದುಕಿನ್ನ ಹೊಳಿಗೆ ನೂಕೂಣು," ಎಂದ ಚಂದಪ್ಪ. ಎಂಟನೆಯ ಇಯತ್ತೆಯ ಹುಡುಗರು ಹೋ ಎಂದರು.

ಶಿಕ್ಷಕಿ ಹೊನ್ನವ್ವ ಕರಿಹಲಗೆಯ ಮೇಲೆ ತುಂಬಿದ ಕೃಷ್ಣೆಯನ್ನೂ ನಡುವೆ ಒಂದು ಹರಿಗೋಲನ್ನೂ ಬರೆದಿದ್ದಳು. ಬಿದಿರಿನ ಹೆಣಿಗೆಯನ್ನು ಸಹ ಬಿಟ್ಟಿರಲಿಲ್ಲ. ಒಳಗೆ ಸಾಹುಕಾರ, ಡಾಕ್ಟರು, ಬಸುರಿ, ಮುದುಕಿ, ಎರಡೂ ಕೈಯಲ್ಲಿ ಹುಟ್ಟು ಹಿಡಿದ ಅಂಬಿಗ. ನೀರು ಒಳಗೆ ನುಗ್ಗುತ್ತಿದೆ. ಒಬ್ಬರು ಇಳಿದರೆ ಉಳಿದವರು ಬದುಕುತ್ತಾರೆ. ಯಾರು ಇಳಿಯಬೇಕೆಂದು ಎಲ್ಲರೂ ಕೂಡಿ ತೀರ್ಮಾನಿಸಬೇಕು. ನೀತಿಪಾಠದ ಆಟ ಅದು.

ಹಿಂದಿನ ಬೆಂಚಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷ ಬಸಂತರಾಯರು ಕೂತಿದ್ದರು. ಮುದ್ದೇಬಿಹಾಳದ ಆ ಖಾಸಗಿ ಹೈಸ್ಕೂಲಿನಲ್ಲಿ ಅವರ ಮಾತೇ ಕಾಯಿದೆ. ಇವತ್ತಿನ ಪಾಠ ಅವರಿಗೆ ಹಿಡಿಸಿದರೆ ಹೊನ್ನವ್ವನ ನೌಕರಿ ಕಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಇಂಡಿಗೆ, ಅತ್ತೆಮನೆಗೆ. ಅವಳ ತವರು ಯಾವುದೆಂದು ಇಲ್ಲಿ ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ರಾಯರ ಶೌರ್ಯ ಮಾತ್ರ ಎಲ್ಲರಿಗೂ ಬಾಯಿಪಾಠ. ಮಹಾಪೂರದ ವರ್ಷ ನಿಡಗುಂದಿ ಕಡೆಯ ಅಂಬಿಗನೊಬ್ಬ ಹೆದರಿ ಹಿಂದಿನ ರಾತ್ರಿಯೇ ಊರುಬಿಟ್ಟನಂತೆ. ಬೆಳಿಗ್ಗೆ ರಾಯರೇ ಹುಟ್ಟು ಹಾಕಿ ಮನೆಮಂದಿಯನ್ನೆಲ್ಲ ದಾಟಿಸಿದರಂತೆ. ಅದಕ್ಕೆ ಸತ್ಕಾರವಾಯಿತು, ಶಾಲು ಹೊದಿಸಿದರು. ಆ ಫೋಟೋ ಆಫೀಸಿನ ಗೋಡೆಯ ಮೇಲಿದೆ. ಹೊನ್ನವ್ವ ಅದರತ್ತ ಒಮ್ಮೆಯೂ ಕತ್ತೆತ್ತಿ ನೋಡಿದವಳಲ್ಲ.

"ಮುದುಕಿ ನಿಮ್ಮವ್ವ ಆಗಿದ್ರ ನೂಕ್ತಿದ್ದೇನೋ?" ಜನ್ನತಬಿ ತಿರುಗಿಬಿದ್ದಳು. ಯಾರೋ ಸಾಹುಕಾರನ ಹೆಸರೆತ್ತಿ, ಹಿಂದೆ ನೋಡಿ, ಗಪ್ಪನೆ ನುಂಗಿಕೊಂಡರು.

"ಯಾರ್ನೂ ಬ್ಯಾಡ್ರಿ ಅಕ್ಕಾರ," ಎಂದಳು ಜನ್ನತಬಿ. "ಸಾಮಾನು ಒಗದು ನೀರ ಗೋರೂಣು. ಹೋದ್ರ ಎಲ್ಲಾರೂ ಕೂಡೇ ಹೋಗೂಣು."

ಎಲ್ಲ ಕೈಗಳೂ ಮೇಲೆದ್ದವು. ಹೊನ್ನವ್ವನ ಕಣ್ಣು ತುಂಬಿತು. ಮಕ್ಕಳಿಗೆ ಇಷ್ಟು ಬೇಗ ಹೊಳೆದದ್ದು ದೊಡ್ಡವರಿಗೆ ಯಾಕೆ ಹೊಳೆಯುವುದಿಲ್ಲವೋ!

ರಾಯರಿಗೆ ರೇಗಿತು. "ಹುಚ್ಚ ಖೋಡಿಗಳ್ರ್ಯಾ! ಹೊಳಿ ಬಂದಾಗ ಹಿಂಗ ಹರಟಿ ಹೊಡ್ಕೋತ ಕುಂದ್ರಾಕ ಆಗ್ತೈತೇನು? ಅಂಬಿಗನ್ನ ಇಳಸ್ರಿ. ಅವಗ ಈಜು ಬರ್ತೈತಿ."

"ಹುಟ್ಟು ಯಾರು ಹಾಕ್ತಾರ್ರಿ?" ಚಂದಪ್ಪ ಕೇಳಿದ.

"ಸಾಹುಕಾರ ಹಾಕ್ತಾನ!" ರಾಯರು ಎದ್ದೇ ನಿಂತರು. "ಬಲಗೈಗೆ ಹಸರ ಅರಿವಿ ಸುತ್ಕೊಂಡ ಬಂದಾಂವ ಅದೆಷ್ಟು ಹುಟ್ಟು ಹಾಕ್ಯಾನು?"

ಮಕ್ಕಳು ಕರಿಹಲಗೆಯತ್ತ ನೋಡಿದರು.

"ಸಾಹೇಬ್ರ, ಈ ಅಂಬಿಗನ ಕೈಗೆ ಏನೂ ಆಗಿಲ್ಲಲ್ರಿ," ಎಂದಳು ಜನ್ನತಬಿ.

ರಾಯರು ಧೊಪ್ಪನೆ ಬೆಂಚಿನ ಮೇಲೆ ಕೂತರು. ಹೊನ್ನವ್ವ ಸೀಮೆಸುಣ್ಣವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ನೌಕರಿ ಹೋಯಿತೆಂದು ಅವಳಿಗೆ ಗೊತ್ತಾಯಿತು, ಆದರೆ ಅದು ಈಗ ಯಾವ ಲೆಕ್ಕ.

ಮಹಾಪೂರದ ಆ ಬೆಳಿಗ್ಗೆ, ಹುಟ್ಟು ಹಿಡಿದು ಹೊಳೆಗೆ ಹೊರಟು ಮರಳಿ ಬಾರದ ಅಪ್ಪನ ಗಾಯದ ಕೈಗೆ ತನ್ನ ಹಸಿರು ಲಂಗ ಹರಿದು ಕಟ್ಟಿ ಕಳಿಸಿದವಳು ಅವಳೇ.