ಮೊಂಡುಬಾಲ

“ಮೊಂಡುಬಾಲದ್ದೇ ಎಲ್ಲಾ ಕೆಲಸ ಮಾಡೋದು. ಇನ್ನೊಂದು ಆಚೆ ತಂತಿ ಮೇಲೆ ಕೂತು ಶೋಕಿ ಮಾಡುತ್ತೆ,” ಎಂದಳು ವಾರಗಿತ್ತಿಯರಲ್ಲಿ ಹಿರಿಯಾಕೆ.

“ಏನಕ್ಕ ಹೀಗಂತೀರ? ಉದ್ದಬಾಲದ್ದು ಮರಿಗಳಿಗೆ ಹುಳ ಹೊತ್ತು ಹೊತ್ತು ಸೋತು ಸುಣ್ಣವಾಗಿದೆ. ನಿಮ್ಮ ಮೊಂಡುಬಾಲ ಮರದಲ್ಲಿ ಕೂತು ರೆಕ್ಕೆ ಕೊಡವುತ್ತೆ, ಅಷ್ಟೇ,” ಎಂದಳು ಕಿರಿಯಾಕೆ.

ಭಾನುವಾರ ಬೆಳಿಗ್ಗೆ ನರ್ಸಮ್ಮನ ತಾರಸಿಯಲ್ಲಿ ಬೀದಿಯ ನಾಲ್ಕೈದು ಮಂದಿ ಸೇರಿ, ತಂತಮ್ಮ ಕಿಟಕಿ ಬಾಗಿಲಲ್ಲಿ ಕಂಡ ಹಕ್ಕಿಗಳ ಸುದ್ದಿ ಹೇಳಿಕೊಳ್ಳುವುದು ರೂಢಿ. ನರ್ಸಮ್ಮನದು ಒಂದೇ ಕಟ್ಟಳೆ: ಕಂಡದ್ದನ್ನು ಹೇಳಿ, ಕಾಣದ್ದನ್ನು ಸೇರಿಸಬೇಡಿ. ಗೂಬೆ ತನ್ನನ್ನು ನೋಡಿ ನಕ್ಕಿತೆಂದ ಬೇಕರಿಯವನಿಗೆ ಆಮೇಲೆ ಒಂದು ತಿಂಗಳು ಬಾಯಿ ಬಿಡಲು ಬಿಟ್ಟಿರಲಿಲ್ಲ. ಈಗ ಅವರು ವಾರಗಿತ್ತಿಯರಿಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು. “ಇಬ್ಬರೂ ಒಂದೇ ಅಂಗಡಿಯಲ್ಲಿ ಕೂತು ಒಂದೇ ಗೂಡು ನೋಡ್ತಿದ್ದೀರಿ. ಒಬ್ಬರಾದರೂ ಸುಳ್ಳು ಹೇಳ್ತಿರಬೇಕು. ನಾಳೆ ಒಂದು ದಿನ ಜಾಗ ಬದಲಾಯಿಸಿ ಕೂತ್ಕೊಳ್ಳಿ.”

ಗೂಡು ಇದ್ದದ್ದು ವಾರಗಿತ್ತಿಯರ ಹೊಲಿಗೆ ಅಂಗಡಿಯ ಅಗಲವಾದ ಬಾಗಿಲಿನ ನಡುಮಧ್ಯದಲ್ಲಿ, ತೊಲೆಯಿಂದ ಇಳಿಬಿಟ್ಟ ಹೂಕುಂಡದ ದಟ್ಟ ಎಲೆಗಳೊಳಗೆ. ಎಡಕ್ಕೆ ಹಿರಿಯಾಕೆ ಬಟ್ಟೆ ಕತ್ತರಿಸುವ ಮೇಜು, ಬಲಕ್ಕೆ ಕಿರಿಯಾಕೆಯ ಮಿಷಿನ್ನು. ಎರಡರ ನಡುವೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿ ಅಂಗಡಿಯನ್ನು ಎರಡು ಮಾಡುವುದೆಂದು ತೀರ್ಮಾನವಾಗಿತ್ತು. “ಜಗಳ ಏನಿಲ್ಲ, ಅನುಕೂಲಕ್ಕೆ,” ಎಂದು ಹಿರಿಯಾಕೆ ಕೇಳಿದವರಿಗೆಲ್ಲ ಹೇಳಿದ್ದಳು. ಬರುವ ಹೆಂಗಸರೆಲ್ಲ ನೇರ ಮಿಷಿನ್ನಿನ ಹತ್ತಿರ ಹೋಗಿ, ಅಲ್ಲಿ ನಗುವೆದ್ದು, ಒಬ್ಬರೂ ಮೇಜಿನ ಕಡೆ ತಿರುಗಿಯೂ ನೋಡದೆ ಹೋಗುವುದು ತನ್ನನ್ನು ಒಳಗೊಳಗೇ ಕೊರೆಯುತ್ತಿದೆ ಎಂದು ಯಾರಿಗೂ ಹೇಳಿರಲಿಲ್ಲ. ಬಡಗಿ ಅಳತೆ ಹಿಡಿದು, ಕುಂಡ ಇಳಿಸಲು ಕೈಯೆತ್ತಿದಾಗ ಒಳಗಿಂದ ಮೂರು ಪುಟ್ಟ ಬಾಯಿಗಳು ತೆರೆದುಕೊಂಡಿದ್ದವು. ಪಿಕಳಾರದ ಮರಿಗಳು. “ಹಾರೋ ತನಕ ತಡಿಯಪ್ಪ,” ಎಂದು ಇಬ್ಬರೂ ಒಟ್ಟಿಗೆ ಅಂದಿದ್ದರು. ಎಷ್ಟೋ ದಿನಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಸೋಮವಾರ ಹಿರಿಯಾಕೆ ಮಿಷಿನ್ನಿನ ಮುಂದೆ ಕೂತಳು. ನೂಲು ಪೋಣಿಸುವಷ್ಟರಲ್ಲಿ ಉದ್ದಬಾಲದ್ದು ತಂತಿಯಿಂದ ಇಳಿದು, ಕೊಕ್ಕಿನಲ್ಲಿ ಹಸಿರು ಹುಳ ಕಚ್ಚಿಕೊಂಡು ಎಲೆಗಳೊಳಗೆ ನುಗ್ಗಿತು. ಹೊರಬಂದಿತು, ಮತ್ತೆ ಹೋಯಿತು. ಆ ಕಡೆಯ ಮೇಜಿನಿಂದ ಇದು ಯಾವತ್ತೂ ಕಂಡಿರಲಿಲ್ಲ, ಎಲೆ ಅಡ್ಡವಾಗಿತ್ತು. ಇನ್ನೂ ನೋಡುತ್ತಲೇ ಇದ್ದಳು, ಅಷ್ಟರಲ್ಲಿ ಒಬ್ಬಾಕೆ ಬಂದು ರವಿಕೆಯನ್ನು ಅವಳ ಮುಖದ ಮುಂದೆ ಹಿಡಿದಳು. “ತೋಳು ಬಿಗಿ. ನಾನೇನೂ ದಪ್ಪ ಆಗಿಲ್ಲ, ಅಳತೆ ನಿಮ್ಮದೇ ತಪ್ಪಿದ್ದು.” ಅವಳ ಹಿಂದೆ ಇನ್ನೊಬ್ಬಳು, ಕೊರಳು ಸಡಿಲವೆಂದು. ಅವಳ ಹಿಂದೆ ಮತ್ತೊಬ್ಬಳು, ನಿನ್ನೆ ಕೊಡ್ತೀನಿ ಅಂದಿದ್ದಿರಲ್ಲ ಎಂದು. ಹಿರಿಯಾಕೆ ರವಿಕೆಯ ತೋಳನ್ನು ತಿರುವಿ ತಿರುವಿ ನೋಡಿದಳು. ಕಿರಿಯಾಕೆಯೇ ಮೇಜಿನ ಕಡೆಯಿಂದ ಕೂಗಿದಳು: “ತೋಳು ಬಿಗಿ ಇದ್ದರೆ ಒಳ್ಳೇದೇ ರೀ, ಮನೆಯವರ ಜೊತೆ ಕೈಕೈ ಮಿಲಾಯಿಸೋಕೆ ಆಗಲ್ಲ.” ಮೂವರೂ ನಕ್ಕು, ಬಟ್ಟೆ ಇಟ್ಟು ಹೋದರು.

ಅಂಗಡಿ ಖಾಲಿಯಾದಾಗ ಹಿರಿಯಾಕೆ ಕೇಳಿದಳು, “ದಿನಾ ಇಷ್ಟು ಮಾತು ಕೇಳ್ತೀಯಾ ನೀನು?”

“ಇಷ್ಟು ವರ್ಷ ನಿಮಗೆ ಕೇಳಿಸ್ತಿರಲಿಲ್ವಾ?”

“ನಗು ಮಾತ್ರ ಕೇಳಿಸ್ತಿತ್ತು.”

ಕಿರಿಯಾಕೆ ಯಾರದೋ ರೇಷ್ಮೆ ಬಟ್ಟೆಯ ಮೇಲೆ ಕತ್ತರಿ ಹಿಡಿದು ಆಗಿನಿಂದ ಹಾಗೇ ನಿಂತಿದ್ದಳು. ಮೊಂಡುಬಾಲ ಅವಳ ಮೂಗಿನ ಮುಂದೆಯೇ ಹುಳ ಹೊತ್ತು ಒಳಗೆ ಹೋಗಿ ಬಂದದ್ದನ್ನು ನೋಡಿ, “ಪಾಪ, ಇದೂ ದುಡಿಯುತ್ತೆ,” ಎಂದಳು. ಆಮೇಲೆ, “ಅಕ್ಕ, ಒಂದು ಸಲ ಕತ್ತರಿ ಆಡಿದರೆ ಮುಗೀತು ಅಲ್ವಾ. ಇದಕ್ಕೆ ಧೈರ್ಯ ಎಲ್ಲಿಂದ ಬರುತ್ತೆ ನಿಮಗೆ?”

“ಬರಲ್ಲ,” ಎಂದಳು ಹಿರಿಯಾಕೆ. “ಉಸಿರು ಬಿಗಿ ಹಿಡಿದು ಕತ್ತರಿಸ್ತೀನಿ. ಪ್ರತಿ ಸಲವೂ.” ಹೇಳಿದ ಮೇಲೆ, ಎಷ್ಟೋ ವರ್ಷದಿಂದ ಹಿಡಿದಿದ್ದ ಉಸಿರನ್ನು ಈಗ ಬಿಟ್ಟಂತೆ ಹಗುರವಾಯಿತು. ಎದ್ದು ಹೋಗಿ ಅವಳ ಕೈಯಿಂದ ಕತ್ತರಿ ತೆಗೆದುಕೊಂಡಳು.

ಮರಿಗಳು ಹಾರಿದ ಮರುದಿನವೇ ಬಡಗಿ ಟೇಪು ಹಿಡಿದು ಬಂದ. ಬಾಗಿಲಲ್ಲಿ ಕುಂಡದ ಕೆಳಗೆ ನಿಂತು, “ಖಾಲಿ ಆಯ್ತಲ್ಲ? ಇಳಿಸಲಾ?” ಎಂದ.

ಹಿರಿಯಾಕೆ ಮೇಜಿನಿಂದ ತಲೆಯೆತ್ತಲಿಲ್ಲ. ಕಿರಿಯಾಕೆ ಗುಂಡುಪಿನ್ನು ಕಚ್ಚಿಕೊಂಡ ಬಾಯಲ್ಲೇ, “ಪಿಕಳಾರ ಅದೇ ಗೂಡಿಗೆ ವಾಪಸ್ ಬಂದು ಮೊಟ್ಟೆ ಇಡುತ್ತಪ್ಪ,” ಎಂದಳು.

ಬಡಗಿ ನಂಬದವನಂತೆ ಹಿರಿಯಾಕೆಯತ್ತ ತಿರುಗಿದ. “ಹೌದೇನಮ್ಮ?”

ತಾರಸಿಯ ಅಷ್ಟೂ ಭಾನುವಾರಗಳಲ್ಲಿ ಹಿರಿಯಾಕೆ ಕಾಣದ್ದನ್ನು ಹೇಳಿದವಳಲ್ಲ. ಬಿಟ್ಟುಹೋದ ಗೂಡಿಗೆ ಪಿಕಳಾರ ಮರಳಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

“ಇಡುತ್ತೆ,” ಎಂದಳು. “ನಾನೇ ಎಷ್ಟೋ ಸಲ ನೋಡಿದ್ದೀನಿ.”

ಅವನು ಟೇಪು ಸುತ್ತಿಕೊಂಡು ಬೀದಿಯ ತಿರುವು ದಾಟುವವರೆಗೂ ಇಬ್ಬರೂ ಕೆಲಸದಿಂದ ಕಣ್ಣು ಕೀಳಲಿಲ್ಲ. ಆಮೇಲೆ ಕಿರಿಯಾಕೆ ಬಾಯಿಂದ ಗುಂಡುಪಿನ್ನು ತೆಗೆದಳು.

“ಭಾನುವಾರ ಇದನ್ನ ನರ್ಸಮ್ಮನ ಮುಂದೆ ಹೇಳಿಬಿಟ್ಟೀರಾ ಅಕ್ಕ, ಹುಷಾರು.”