ಸರ್ ದನಿಯಲ್ಲಿ ಏಳು ಪಾಠ

ಕಾಲೇಜಿನ ವೆಬ್‌ಸೈಟಿಗೆ ಇತಿಹಾಸದ ನೋಟ್ಸನ್ನು ಫೋಟೋ ತೆಗೆದು ಹಾಕಿದ್ದರು. ನಮ್ಮ ಕ್ಲಾಸಿನ, ಕಣ್ಣು ಕಾಣದ ಪುಟ್ಟಲಕ್ಷ್ಮಿಯ ಮೊಬೈಲು ಟೈಪು ಮಾಡಿದ್ದನ್ನು ಓದಿ ಹೇಳುತ್ತಿತ್ತು. ಫೋಟೋ ಬಂದರೆ "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಹಾಗಾಗಿ ನೋಟ್ಸನ್ನು ಓದಿ ರೆಕಾರ್ಡ್ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ನಾನು ನೆಟ್ಟಗೆ ಓದುವವನೇ? ಇತಿಹಾಸದ ಸರ್ ದನಿಯಲ್ಲೇ ಓದಿದೆ. ಹಾಳೆಯನ್ನು ಮೂಗಿಗೆ ಒತ್ತಿಕೊಂಡು ಅವರು ತಡವರಿಸುವುದು, ಸಾಲು ತಪ್ಪಿ ಮತ್ತೆ ಮೊದಲಿಂದ ಶುರು ಮಾಡುವುದು, ಒಂದನ್ನೂ ಬಿಡಲಿಲ್ಲ. ಏಳು ಪಾಠ ಮುಗಿಯುವಷ್ಟರಲ್ಲಿ ಇಡೀ ಹಾಸ್ಟೆಲ್ ಅದನ್ನು ಕೇಳಿ ನಗುತ್ತಿತ್ತು.

ಪುಟ್ಟಲಕ್ಷ್ಮಿ ಮಾತ್ರ ನಗಲಿಲ್ಲ. "ಯಾವ್ದು ನೋಟ್ಸು, ಯಾವ್ದು ನಿನ್ನಾಟ ಅಂತಾನೇ ಗೊತ್ತಾಗಲ್ಲ ಕಣೋ. ಎಲ್ಲಾನೂ ಎರಡೆರಡು ಸಲ ಕೇಳ್ತಿದೀನಿ" ಎಂದಳು. "ಅದಿರ್ಲಿ, ಸರ್ ಕೂಡ ಕೇಳಿಸ್ಕೊಂಡಿದಾರೆ. ನೀನೊಬ್ನೇ ಬರ್ಬೇಕಂತೆ."

ನನ್ನ ಹಾಜರಾತಿ ಮೊದಲೇ ಕಮ್ಮಿ. ಸರ್ ಸಹಿ ಹಾಕದಿದ್ದರೆ ಪರೀಕ್ಷೆಗೆ ಕೂರುವಂತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಇದ್ದರು, ಕಿವಿಯಲ್ಲಿ ಇಯರ್‌ಫೋನು. ತಲೆ ಎತ್ತಲಾಗದೆ "ತಪ್ಪಾಯ್ತು ಸರ್" ಎಂದೆ.

"ತಪ್ಪೇನು ಬಂತಪ್ಪ? ನಾನು ಓದೋದೇ ಹಾಗೆ."

ಬಾಗಿಲ ಕಡೆ ಸ್ವಲ್ಪ ಹೊತ್ತು ಕಿವಿಗೊಟ್ಟು, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದರು.

"ಎಂಟನೇ ಪಾಠ ಇವತ್ತೇ ಓದ್ಕೊಡು, ಆದ್ರೆ ತಡವರಿಸ್ಬೇಡ. ನಾಳೆ ಕ್ಲಾಸಿಗೆ ನಾನು ಅದನ್ನ ಕೇಳಿನೇ ಬಾಯಿಪಾಠ ಮಾಡ್ಬೇಕು. ನಂಗೆ ಅಕ್ಷರ ಕಾಣೋದು ನಿಂತೋಗಿದೆ."